ಹೊಗೆಸೊಪ್ಪಿಗೊಂದು ಮನೆ, ಮನುಷ್ಯರಿಗೊಂದು ಎಲಿವೇಷನ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಈ ಸಾರಿ ಮನೆ ಕಟ್ಟೇ ತೀರುತ್ತೇನೆಂದು ಹಟ ಹಿಡಿದಿರುವ ಯಜಮಾನರಿಗೆ, ನಿಮ್ಮ ಕಡೆಯವನೇ ಒಬ್ಬ ಬರೆಯುವ ಕಾಗದ ಇದು.

ಬಸ್ಸಿನಲ್ಲಿ ಬರುವಾಗ ನಿಮ್ಮ ಬಾಗಿಲ ಮುಂದೆ ಅರ್ಧ ರಸ್ತೆ ನುಂಗಿಕೊಂಡು ಮಲಗಿರುವ ಜಲ್ಲಿ ಗುಡ್ಡೆ, ಎಂ-ಸ್ಯಾಂಡ್ ಗುಡ್ಡೆ ನೋಡಿದೆ. ಸಂತೋಷವಾಯಿತು. ಹರಾಜಿನಲ್ಲಿ ಯಾರ ಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿತು ಅಂತ ನಮ್ಮ ಕಡೆ ಕೇಳಬೇಕಾಗಿಲ್ಲ, ಜಲ್ಲಿ ಯಾರ ಮನೆ ಮುಂದೆ ಬಿದ್ದಿದೆ ನೋಡಿದರೆ ಸಾಕು. ಮದುವೆಯನ್ನೂ ಮನೆಯನ್ನೂ ಒಟ್ಟಿಗೆ ಕಟ್ಟಿಹಾಕಿರುವ ಆ ಗಾದೆಯನ್ನು ಈಗಾಗಲೇ ಊರೆಲ್ಲ ನಿಮಗೆ ಹೇಳಿ ಮುಗಿಸಿರುತ್ತದೆ. ನಾನು ಹೇಳಲು ಬಂದದ್ದು ನಮ್ಮ ಬ್ಯಾರನ್ ಸಮಾಚಾರ.

ನಮ್ಮ ಹೊಲದ ಪಕ್ಕದಲ್ಲಿ ಎರಡು ಕಟ್ಟಡಗಳಿವೆ. ಒಂದು, ಸೊಪ್ಪು ಬೇಯಿಸುವುದಕ್ಕೆ ನಮ್ಮಪ್ಪ ಕಟ್ಟಿಸಿದ ಬ್ಯಾರನ್. ಇನ್ನೊಂದು, 11 ವರ್ಷದ ಹಿಂದೆ ನಾನು ಕಟ್ಟಿಸಿದ ಮನೆ. ಬ್ಯಾರನ್ ಇವತ್ತಿಗೂ ಬಿರುಕು ಬಿಟ್ಟಿಲ್ಲ. ಮನೆ ಮೊದಲನೇ ಮಳೆಗಾಲದಲ್ಲೇ ಸೋರಿತು. ಯಾಕೆ ಹೀಗೆ ಅಂತ ಬಕೆಟ್ ಬದಲಾಯಿಸುತ್ತಾ ಬಹಳ ರಾತ್ರಿ ಯೋಚನೆ ಮಾಡಿದ್ದೇನೆ.

ಬ್ಯಾರನ್ ಕಟ್ಟುವಾಗ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: ಸೊಪ್ಪಿಗೆ ಏನು ಬೇಕು? 16 ಅಡಿ ಚೌಕದ ಆ ಕಟ್ಟಡದಲ್ಲಿ ಗಾಳಿ ಒಳಗೆ ಬರಲು ಕೆಳಗೆ ಕಿಂಡಿ, ಬಿಸಿ ಹೊರಗೆ ಹೋಗಲು ಮೇಲೆ ಕಿಂಡಿ. ಒಲೆಯ ಬಾಯಿ ಹೊರಗೆ, ಬಿಸಿ ಕೊಳವೆ ಒಳಗೆ. ಸೊಪ್ಪು ಹಳದಿಗೆ ತಿರುಗುವಾಗ 100 ಡಿಗ್ರಿ ಆಸುಪಾಸು ಇರಬೇಕು, ಕಡೆಗೆ ದಂಟು ಒಣಗುವಾಗ 160 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಬೇಕು. ನಡುರಾತ್ರಿ ಎರಡು ಗಂಟೆಗೆ ಎದ್ದು, ಟಾರ್ಚು ಹಿಡಿದು ಥರ್ಮಾಮೀಟರ್ ನೋಡಿ, ಕಿಂಡಿಯನ್ನು ಎರಡು ಬೆರಳು ತೆರೆದು, ಒಂದು ಬೆರಳು ಮುಚ್ಚಿ ಬರುವಷ್ಟು ಗಾಳಿಶಾಸ್ತ್ರ ನಮ್ಮಲ್ಲಿ ಓದು ಬರದವರಿಗೂ ಗೊತ್ತು. ಅದೇ ಮನುಷ್ಯ ತನಗೆ ಅಂತ ಮನೆ ಕಟ್ಟುವಾಗ ಮಲಗುವ ಕೋಣೆಗೆ ಒಂದೇ ಕಿಟಕಿ ಇಟ್ಟು, ಅದರ ಮುಂದೆ ಬೀರು ನಿಲ್ಲಿಸುತ್ತಾನೆ. ಏಪ್ರಿಲ್ ರಾತ್ರಿ ಅವನು ಬೇಯುವುದೂ ಸೊಪ್ಪು ಬೇಯುವ ಕ್ರಮದಲ್ಲೇ. ಮೊದಲು ಹಳದಿ, ಆಮೇಲೆ ಕಂದು.

ಮನೆ ಶುರುವಾಗುವುದು ಪಾಯದಿಂದ ಅಂತ ನೀವು ತಿಳಿದಿದ್ದರೆ ತಪ್ಪು. ಅದು ಶುರುವಾಗುವುದು ಮೊಬೈಲಿನಲ್ಲಿ. ಮೈಸೂರಿನ ಯಾವುದೋ ಬಡಾವಣೆಯ ಯಾರದೋ ಮನೆಯ ಫೋಟೊ. ಭಾವಮೈದ ಕಳಿಸಿರುತ್ತಾನೆ. 'ಎಲಿವೇಷನ್ ಹಿಂಗೇ ಬರಬೇಕು ಕಣಣ್ಣ.' ಅವತ್ತಿನಿಂದ ಮನೆಗೆ ಒಂದೇ ಮುಖ. ರಸ್ತೆ ಕಡೆಗೆ ಗಾಜು, ಅಂಟಿಸಿದ ಕಲ್ಲು, ಸ್ಟೀಲ್ ಕಂಬಿ, ಮೂರು ಬಣ್ಣ. ಹಿಂದುಗಡೆ ಗೋಡೆಗೆ ಗಾರೆ ಕೂಡ ಇಲ್ಲ, ದುಡ್ಡು ಮುಂದುಗಡೆಯೇ ಮುಗಿದಿರುತ್ತದೆ. ಮನೆ ಒಳಗೆ ನಿಂತರೆ ಎಲಿವೇಷನ್ ಕಾಣುವುದಿಲ್ಲ. ಅದು ಎದುರು ಮನೆಯವರ ಆಸ್ತಿ.

ಆ ಫೋಟೊದ ಮನೆಗೆ ಕಿಟಕಿ ಮೇಲೆ ಸಜ್ಜಾ ಇರಲಿಲ್ಲ, ಹಾಗಾಗಿ ನನ್ನ ಮನೆಗೂ ಇರಲಿಲ್ಲ. 'ಸಜ್ಜಾ ಹಾಕುದ್ರೆ ಲುಕ್ಕು ಕೆಡ್ತದೆ ಸಾ' ಅಂದರು ಮೇಸ್ತ್ರಿ. ಪಿರಿಯಾಪಟ್ಟಣದಿಂದ ಕೊಡಗಿನ ಗಡಿ ಎಷ್ಟು ದೂರ, ಎಚ್.ಡಿ. ಕೋಟೆಯ ಕಾಡಂಚಿಗೆ ಮಳೆ ಯಾವ ಕಡೆಯಿಂದ ಬರುತ್ತದೆ ಅಂತ ಆ ಫೋಟೊಗೆ ಗೊತ್ತಿರಲಿಲ್ಲ. ಜೂನ್ ಬಂತು. ಪಡುವಣ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಹೊತ್ತು ತಂದು ಪಶ್ಚಿಮದ ಕಿಟಕಿಗೆ ಹೊಡೆಯಿತು. ನೀರು ಚೌಕಟ್ಟಿನ ಸಂದಿಯಲ್ಲಿ ಇಳಿದು ದಿವಾನಕಾಟಿನ ಮೇಲೆ ಕುಳಿತಿತು. ನಮ್ಮ ತಾತನ ನಾಡಹೆಂಚಿನ ಮನೆಗೆ ಜಗಲಿಯೂ ಗೋಡೆ ಮೀರಿ ಮೂರಡಿ ಚಾಚಿದ ಸೂರೂ ಇದ್ದವು. ಅದು ಹಳೇ ಕಾಲದ ಮನೆ ಅಂತ ನಾನೇ ಕೆಡವಿಸಿದ್ದು.

ಇನ್ನು ಆಯದ ವಿಚಾರ. ಇದರಲ್ಲಿ ನಾನು ಸ್ವಲ್ಪ ಪಂಡಿತನಾಗಿದ್ದೇನೆ, ದಕ್ಷಿಣೆ ಕೊಟ್ಟು ಕಲಿತದ್ದು. ಮನೆಯ ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಬೇಕು. ಶೇಷ 1 ಉಳಿದರೆ ಧ್ವಜಾಯ, 2 ಉಳಿದರೆ ಧೂಮಾಯ, 3 ಸಿಂಹಾಯ, ಹೀಗೇ ಹೋಗಿ ಏನೂ ಉಳಿಯದಿದ್ದರೆ ಕಾಕಾಯ. ನನ್ನ ಸೈಟು 30x40. ಅಷ್ಟಗಲಕ್ಕೂ ಮನೆ ಎಬ್ಬಿಸೋಣವೆಂದರೆ 1200, ಸರಿಯಾಗಿ ಕಾಗೆ. ಎಲ್ಲರ ಎದೆ ಧಸಕ್ಕೆಂದಿತು. ಎರಡೂ ಕಡೆ ಒಂದೊಂದು ಅಡಿ ಇಳಿಸಿ 29x39 ಮಾಡಿದರು, 1131, ಶೇಷ 3, ಸಿಂಹ ಬಂತು. ಪ್ಲ್ಯಾನಿನ ಪ್ರಕಾರ ಸುತ್ತ ಬಿಡಬೇಕಾದ ಜಾಗವನ್ನು ಬಿಡದ ನಾನು, ಸಿಂಹಕ್ಕೆ ಒಂದಡಿ ಮರುಮಾತಿಲ್ಲದೆ ಬಿಟ್ಟೆ. ಆಮೇಲೆ ಏಳನೇ ಕ್ಲಾಸಿನ ಮಗಳು ಲೆಕ್ಕ ನೋಡಿ, 'ಅಪ್ಪಾ, ಒಂಬತ್ತರಿಂದ ಗುಣಿಸಿದ್ರೂ ಅಷ್ಟೇ, ಗುಣಿಸದೇ ಇದ್ರೂ ಅಷ್ಟೇ, ಎಂಟರಿಂದ ಭಾಗಿಸಿದ್ರೆ ಉಳಿಯೋದು ಒಂದೇ' ಅಂದಳು. ನಾಲ್ಕೈದು ಅಳತೆ ಹಾಕಿ ನೋಡಿದೆ, ಸರಿಯಾಗಿತ್ತು. ದಕ್ಷಿಣೆ ಆ ಒಂಬತ್ತಕ್ಕೇ ಇರಬೇಕು.

ಧೂಮಾಯ ಮಾತ್ರ ಬರಲೇಬಾರದಂತೆ, ಮನೆಗೆ ಹೊಗೆ ಆಗುವುದಿಲ್ಲವಂತೆ. ಹೊಗೆಸೊಪ್ಪಿನ ದುಡ್ಡಲ್ಲಿ ಕಟ್ಟುವ ಮನೆಗೆ ಹೊಗೆಯೊಂದು ಆಗುವುದಿಲ್ಲ!

ಈ ಗಡಿಬಿಡಿಯಲ್ಲಿ ಸೈಟನ್ನೇ ನೋಡುವುದು ಮರೆತುಹೋಗುತ್ತದೆ. ಕೆ.ಆರ್. ನಗರದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾವೇರಿಯ ಪ್ರವಾಹದ ಕಾಟಕ್ಕೆ ಸಾಕಾಗಿ ಹಳೇ ಎಡತೊರೆಯನ್ನು ಬಿಟ್ಟು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ಜಾಗಕ್ಕೆ ಬಂದು ಅಗಲ ರಸ್ತೆಗಳನ್ನು ಹಾಕಿ ಕಟ್ಟಿದ ಊರು ಅದು. ಹೆಸರಿನಲ್ಲೇ ದೊರೆ ಇದ್ದಾರೆ. ಊರಿಗೆ ಊರೇ ನೀರಿಗೆ ಹೆದರಿ ಮೇಲೆ ಹತ್ತಿತು. ನಾವು ದುಡ್ಡು ಕೊಟ್ಟು ಕೆಳಗೆ ಇಳಿಯುತ್ತಿದ್ದೇವೆ. ನಾಲೆ ಪಕ್ಕದ ಗದ್ದೆಗೆ ನಾಲ್ಕು ಟಿಪ್ಪರ್ ಮಣ್ಣು ಹೊಡೆಸಿ, ಕಲ್ಲು ನೆಟ್ಟು, ದೇವರ ಹೆಸರಿಟ್ಟರೆ ಲೇಔಟು. 2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹರಿದಾಗ ಯಾವ ಜಾಗ ಯಾರದ್ದು ಅಂತ ನದಿಯೇ ಬಂದು ಸರ್ವೆ ಮಾಡಿ ಹೋಯಿತು. ಆದ್ದರಿಂದ ಸೈಟನ್ನು ಬೇಸಿಗೆಯಲ್ಲಿ ಬ್ರೋಕರ್ ಜೊತೆ ನೋಡಬೇಡಿ. ಮಳೆಗಾಲದಲ್ಲಿ, ಪಕ್ಕದ ಹೊಲದ ಮುದುಕನ ಜೊತೆ ನೋಡಿ. ಹೊಡೆಸಿದ ಮಣ್ಣಿನ ಮೇಲೆ ಪಾಯ ಕೂರುವುದಿಲ್ಲ, ಅದನ್ನು ದಾಟಿ ಗಟ್ಟಿ ನೆಲ ಸಿಗುವವರೆಗೂ ಅಗೆಯಬೇಕು. ಎರೆಮಣ್ಣಾದರೆ ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಗೋಡೆಯೂ ಅದರ ಜೊತೆ ಉಸಿರಾಡುತ್ತದೆ. ಅಲ್ಲಿ ಪಾಯ ಹೇಗಿರಬೇಕೆಂದು ಎಂಜಿನಿಯರ್ ಹೇಳಬೇಕು, ಭಾವಮೈದನಲ್ಲ.

ಕಾಗದಪತ್ರದ ಮಾತು ಉದ್ದ ಮಾಡುವುದಿಲ್ಲ. ನಿಮ್ಮ ಬ್ಯಾರನ್ ಲೈಸೆನ್ಸ್ ಎಲ್ಲಿದೆ? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀರುವಿನ ಒಳಗಿನ ಬೀರುವಿನಲ್ಲಿ. ಅದಿಲ್ಲದಿದ್ದರೆ ಹರಾಜು ಕಟ್ಟೆಯಲ್ಲಿ ಏನಾಗುತ್ತದೆ ನಿಮಗೆ ಗೊತ್ತು. ಮನೆ ಸೈಟಿನ ಕಾಗದ ಎಲ್ಲಿದೆ? ಬ್ರೋಕರ್ ಹತ್ತಿರ, ಕೇಳಿದರೆ ಜೆರಾಕ್ಸ್ ಕೊಡುತ್ತಾನೆ. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತು ಖಾತೆ ಸಿಗುತ್ತದೆಯೋ ಇಲ್ಲವೋ, ಜಮೀನು ಅಲಿನೇಷನ್ ಆಗಿದೆಯೋ ಇಲ್ಲವೋ, ಇ.ಸಿ.ಯಲ್ಲಿ ಯಾರ ಸಾಲ ಕೂತಿದೆ, ಇಷ್ಟನ್ನು ಗುದ್ದಲಿ ಪೂಜೆಗೆ ಮುಂಚೆ ನೋಡಿ. 'ಅದೆಲ್ಲ ಆಮೇಕೆ ಮಾಡುಸ್ಕೊಳವ' ಅನ್ನುವವನು ಆಮೇಲೆ ಫೋನ್ ಎತ್ತುವುದಿಲ್ಲ.

ಈಗ ಮೇಸ್ತ್ರಿ. ಇವರ ಬಗ್ಗೆ ನನಗೆ ಗೌರವವಿದೆ, ಅಂದಾಜಿನ ಮೇಲೆ ಇಷ್ಟೊಂದು ಭಾರ ನಿಲ್ಲಿಸುವವರು ಬೇರೆ ಯಾರಿದ್ದಾರೆ? ನನ್ನ ಮನೆಯ ಕರಾರು ಒಂದು ಮದುವೆ ಕಾರ್ಡಿನ ಹಿಂಭಾಗದಲ್ಲಿ ಬರೆದದ್ದು. ಚದರಕ್ಕೆ ಇಷ್ಟು, ಅಡ್ವಾನ್ಸ್ ಇಷ್ಟು, ಕೆಳಗೆ ಒಂದು ಸ್ವಸ್ತಿಕ. ಸಾರುವೆ ಯಾರದ್ದು, ಸೆಂಟ್ರಿಂಗ್ ಹಲಗೆ ಬಾಡಿಗೆ ಯಾರದ್ದು, ಮೆಟ್ಟಿಲು ಚದರದ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ಕರೆಂಟ್ ಪಾಯಿಂಟ್ ಎಷ್ಟು, ಒಂದಕ್ಷರ ಇರಲಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಜಗಳ ಆಡಿ, ಪ್ರತಿಯೊಂದರಲ್ಲೂ ಸೋತೆ. ಮದುವೆ ಕಾರ್ಡು ಇನ್ನೂ ಇದೆ. ಆ ದಂಪತಿಗೆ ಈಗ ಎರಡು ಮಕ್ಕಳು.

ಮೌಲ್ಡ್ ಹಾಕುವ ದಿನ ಬಂತು. ಕೋಳಿ ಕುಯ್ದದ್ದಾಯಿತು, ಮೂವತ್ತು ಜನಕ್ಕೆ ಬಾಡೂಟಕ್ಕೆ ಹೇಳಿದ್ದಾಯಿತು. ಮಿಕ್ಸರ್‌ಗೆ ನೀರು ಬಿಡುತ್ತಿದ್ದಾರೆ, ಬಿಡುತ್ತಲೇ ಇದ್ದಾರೆ. 50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿಗೆ ಸುಮಾರು 25 ಲೀಟರ್ ನೀರು ಸಾಕು ಅಂತ ಎಲ್ಲೋ ಓದಿದ್ದೆ. 'ಮೇಸ್ತ್ರಿ, ನೀರು ಜಾಸ್ತಿ ಆಯ್ತೇನೋ?' ಅಂದೆ.

'ಇಲ್ದಿದ್ರೆ ಸಂದಿಗೆ ಕೂರಾಕಿಲ್ಲ ಸಾ.'

'ಅಂಬಲಿ ಥರ ಹರೀತಾ ಇದೆಯಲ್ಲ.'

'ಅಂಬಲಿ ಥರನೇ ಇರ್‍ಬೇಕು. ನೀವು ಊಟದ ಕಡೆ ನೋಡ್ಕಳಿ ಸಾ.'

ನೋಡಿಕೊಂಡೆ. ಊಟ ಚೆನ್ನಾಗಿತ್ತು. ಕಂಬಿಗಳು ಹಲಗೆಗೆ ಅಂಟಿಕೊಂಡೇ ಮಲಗಿದ್ದವು. ಅವುಗಳ ಕೆಳಗೆ ಮುಕ್ಕಾಲು ಇಂಚು ಎತ್ತರಿಸುವ ಕವರ್ ಬ್ಲಾಕ್ ಅನ್ನುವ ಸಣ್ಣ ಬಿಲ್ಲೆ ಇಡಬೇಕು, ಇಲ್ಲದಿದ್ದರೆ ಕಂಬಿ ತುಕ್ಕು ಹಿಡಿದು ಉಬ್ಬಿ ಸೂರಿನ ಗಾರೆ ಕಳಚಿ ಬೀಳುತ್ತದೆ ಅನ್ನುವುದು ನನಗೆ ತಿಳಿದದ್ದು ಗಾರೆ ಕಳಚಿ ಬಿದ್ದ ಮೇಲೆ. ಒಂದು ಕೆ.ಜಿ. ಬಾಡಿನ ದುಡ್ಡಿನಲ್ಲಿ ಒಂದು ಚೀಲ ಬಿಲ್ಲೆ ಬರುತ್ತಿತ್ತು.

ಮಾರನೇ ದಿನದಿಂದ ನೀರು ಕಟ್ಟಬೇಕು, 10ರಿಂದ 14 ದಿನ ಕಾಂಕ್ರೀಟು ಒಣಗಬಾರದು. ಎಷ್ಟು ಸುಲಭದ ಕೆಲಸ! ಹೊಗೆಸೊಪ್ಪಿನ ಸಸಿಮಡಿಗೆ ಹೊತ್ತೊತ್ತಿಗೆ ನೀರು ಚಿಮುಕಿಸಿ, ಮಗುವಿನ ಹಾಗೆ ಸಾಕುವವರು ನಾವು. ಆದರೆ ಸೂರಿಗೆ ಮೂರು ದಿನ ನೀರು ಬಿಟ್ಟ ಮೇಲೆ ಒಂದು ತಿಥಿ ಬಂತು, ಒಂದು ಬೀಗರೂಟ ಬಂತು. ಮೇಸ್ತ್ರಿ ಆ ಹೊತ್ತಿಗೆ ಸಾಲಿಗ್ರಾಮದ ಕಡೆ ಇನ್ನೊಂದು ಪಾಯದಲ್ಲಿದ್ದರು. ಫೋನ್ ಮಾಡಿದರೆ, 'ಬಂದೆ ಸಾ, ದಾರೀಲಿವ್ನಿ' ಅನ್ನುತ್ತಿದ್ದರು. ಹದಿನೇಳು ದಿನ ದಾರಿಯಲ್ಲಿದ್ದರು.

ಇಷ್ಟರಲ್ಲಿ ನಾನು ಕೇಳದೇ ಬಿಟ್ಟ ಒಬ್ಬರಿದ್ದಾರೆ, ದಿನಕ್ಕೆ ಐದಾರು ಗಂಟೆ ಅಡುಗೆಮನೆಯಲ್ಲಿ ನಿಲ್ಲುವವರು. ಆಗ್ನೇಯ ಮೂಲೆಯನ್ನು ಕೇಳಿದೆ, ಮನೆಯವಳನ್ನು ಕೇಳಲಿಲ್ಲ. ಕಪ್ಪು ಗ್ರಾನೈಟ್ ಕಟ್ಟೆ ಹಾಕಿಸಿ, ಹೊಳೆಯುವ ಬಾಗಿಲು ಕೂರಿಸಿ, ಗೃಹಪ್ರವೇಶದ ದಿನ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಆಮೇಲೆ ಮೊದಲನೇ ಮುದ್ದೆ ತಿರುವುವ ಹೊತ್ತು ಬಂತು. ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಸ್ಟೌ, ಅದರ ಮೇಲೆ ಪಾತ್ರೆ. ಕವೆಗೋಲು ಕೊಟ್ಟು ಅದುಮಿ ಹಿಡಿದು ಎಂಟು ಜನರ ಮುದ್ದೆಗೆ ಕೋಲು ಆಡಿಸಬೇಕೆಂದರೆ ಸ್ಟೂಲ್ ಹತ್ತಬೇಕು. ಎರಡನೇ ದಿನವೇ ಅವಳು ಹಿತ್ತಲಿನಲ್ಲಿ ನಾಲ್ಕು ಶೀಟು ಹೊದಿಸಿ, ಮೂರು ಕಲ್ಲು ಹೂಡಿದಳು. ಇವತ್ತಿಗೂ ನಮ್ಮ ಮನೆಯ ಅಡುಗೆ ಅಲ್ಲೇ. ಗ್ರಾನೈಟ್ ಮೇಲೆ ಹಾಲು ಕಾಯುತ್ತದೆ, ನೆಂಟರು ಬಂದರೆ ಕಾಫಿ. ಹುಣಸೂರಿಂದ ಬೈಲಕುಪ್ಪೆವರೆಗೆ ಯಾವ ಹೊಸ ಮನೆಯ ಹಿತ್ತಲಿಗಾದರೂ ಹೋಗಿ ನೋಡಿ, ಆ ಶೀಟಿನ ಕೆಳಗೆ ಹೊಗೆ ಕಾಣುತ್ತದೆ. ಧೂಮಾಯ ಹಿಂಬಾಗಿಲಿಂದ ಬಂದಿರುತ್ತದೆ.

ಎಚ್.ಡಿ. ಕೋಟೆಯ ಕಡೆಯ ಒಂದು ಆದಿವಾಸಿ ಹಾಡಿಯಲ್ಲಿ ಇನ್ನೊಂದು ನೋಡಿದೆ. ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿ ಸೌದೆ, ಮೇಕೆ. ಪಕ್ಕದಲ್ಲಿ ತಾವೇ ಕಟ್ಟಿಕೊಂಡ ಬಿದಿರ ತಟ್ಟಿಯ ಗುಡಿಸಲಿನಲ್ಲಿ ಜನ. 'ಇವರಿಗೆ ಮನೆ ಕೊಟ್ಟರೂ ಇರಕ್ಕೆ ಬರಲ್ಲ' ಅಂತ ಜೊತೆಗಿದ್ದ ಒಬ್ಬರು ನಕ್ಕರು. ಮಧ್ಯಾಹ್ನದ ಹೊತ್ತು. ಎರಡರೊಳಗೂ ಹೋಗಿ ಕೂತು ಬಂದೆ. ನಗುವವರು ಆ ಸರ್ಕಾರಿ ಮನೆಯೊಳಗೆ ಒಂದು ಗಂಟೆ ಕೂತು ನಗಲಿ. ನಾಡಿನ ಬಡವರಿಗೆ ಸೂರು ಬೇಕೆಂದ ದೇವರಾಜ ಅರಸರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಸೂರು ಬೇಕೆಂದರೇ ಹೊರತು ಬಾಣಲೆ ಬೇಕೆಂದಿರಲಿಲ್ಲ.

ಕಡೆಯದಾಗಿ, ಮೊಬೈಲನ್ನು ಒಂದು ಒಳ್ಳೇ ಕೆಲಸಕ್ಕೂ ಬಳಸಬಹುದು. ಗಾರೆ ಮೆತ್ತುವ ಮುಂಚೆ ಪ್ರತಿ ಗೋಡೆಯ ಪೈಪು, ವೈರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ತೆಗೆಯಲಿಲ್ಲ, ದೇವರ ಪಟಕ್ಕೆ ಹೊಡೆದ ಮೊಳೆ ನೇರ ನೀರಿನ ಪೈಪಿಗೇ ಹೋಯಿತು, ಲಕ್ಷ್ಮಿಯ ಹಿಂದಿನಿಂದ ಗಂಗೆ ಬಂದಳು. ಬಚ್ಚಲಿಗೆ ಟೈಲ್ಸ್ ಹಾಕುವ ಮುಂಚೆ ಮೂರು ದಿನ ನೀರು ನಿಲ್ಲಿಸಿ, ಕೆಳಗೆ ಜಿನುಗುತ್ತದೋ ನೋಡಿ. ಸೂರಿನ ನೀರು ಹೋಗಲು ಇಳಿಜಾರು ಕೊಟ್ಟಿದ್ದಾರೋ ಇಲ್ಲವೋ ಒಂದು ಬಿಂದಿಗೆ ನೀರು ಸುರಿದರೆ ತಿಳಿಯುತ್ತದೆ. ಮೇಸ್ತ್ರಿಯ ಲೆಕ್ಕದಲ್ಲಿ ಕಡೆಯ ಕಂತನ್ನು ಮಾತ್ರ ಕೈಯಲ್ಲಿ ಹಿಡಿದಿಟ್ಟುಕೊಂಡಿರಿ. ಅವರನ್ನು ದಾರಿಯಿಂದ ಮನೆಗೆ ತಲುಪಿಸುವ ಬಸ್ಸು ಅದೊಂದೇ.

ಗೃಹಪ್ರವೇಶಕ್ಕೆ ನನ್ನನ್ನೂ ಕರೆಯಿರಿ. ಆಗುವುದಾದರೆ ಆಷಾಢದಲ್ಲೇ ಇಟ್ಟುಕೊಳ್ಳಿ. ಮುಹೂರ್ತ ಸಿಗುವುದಿಲ್ಲ, ಗೊತ್ತು. ಮಳೆ ಸಿಗುತ್ತದೆ, ಕಡೆಯ ಕಂತು ಕೊಡುವ ಮುಂಚೆ ನೀವು ನೋಡಬೇಕಾದದ್ದು ಅದನ್ನೇ.

ಇತಿ ತಮ್ಮ ವಿಶ್ವಾಸಿ,
ಕುಬೇರ ಮೂಲೆಯಲ್ಲಿ ಬಕೆಟ್ ಇಟ್ಟುಕೊಂಡಿರುವ ಒಬ್ಬ ಸಿಂಹಾಯದ ಯಜಮಾನ