ಈಗ ನೋಡು, ಈಗ!

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ 2020ರಿಂದೀಚೆಗೆ ಒಂದು ಹೊಸ ಬಗೆಯ ಮನುಷ್ಯ ಕಾಣಿಸಿಕೊಂಡಿದ್ದಾನೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಊರಿಗೆ ಹೊತ್ತು ತಂದವ. ಮೆತ್ತಿಯ ಮೇಲೆ ಕೂತು ಅಮೆರಿಕದವರ ಜೊತೆ ಮಾತಾಡುತ್ತಾನೆ, ನಡುವೆ ತೋಟಕ್ಕೆ ಮಂಗ ಬಂತೆಂದರೆ ಮೀಟಿಂಗ್ ಬಿಟ್ಟು ಕವಣೆ ಹಿಡಿದು ಓಡುತ್ತಾನೆ. ಇವರಲ್ಲಿ ಒಳಪಂಗಡಗಳಿವೆ. ಕೆಲವರಿಗೆ ಜೇನುಪೆಟ್ಟಿಗೆಯ ಹುಚ್ಚು, ಕೆಲವರಿಗೆ ಅಪ್ಪೆಮಿಡಿಯನ್ನು ಬಾಟಲಿಗೆ ತುಂಬಿ ಲಂಡನ್ನಿಗೆ ಕಳಿಸುವ ಯೋಜನೆ. ಇವರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ತೋರಿಸುವವನಿಂದ.

ತೋರಿಸುವವನಿಗೆ ಏನನ್ನಾದರೂ ಒಬ್ಬನೇ ನೋಡಿ ಖುಷಿಪಡಲು ಬರುವುದಿಲ್ಲ. ಊಟವಾಗಿ ಕವಳ ಹಾಕಿ ಕೂತ ಮನುಷ್ಯನ ಎದುರು ಲ್ಯಾಪ್‌ಟಾಪ್ ತಂದಿಟ್ಟು "ಹತ್ತೇ ನಿಮಿಷ" ಎನ್ನುತ್ತಾನೆ. ಆಮೇಲೆ ಅವನು ಪರದೆಯನ್ನು ನೋಡುವುದೇ ಇಲ್ಲ. ನೋಡುವುದು ಎದುರಿನವರ ಮುಖವನ್ನು. ಬೇರೊಬ್ಬನ ಎರಡು ಕಣ್ಣು ತನ್ನ ಕೆನ್ನೆಯ ಮೇಲೆ ನೆಟ್ಟಿರುವಾಗ ಸಹಜವಾಗಿ ಬೆಚ್ಚಿಬೀಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು.

ಈ ಬರಹಗಾರನಿಗೆ ಗಂಟುಬಿದ್ದವನು ಅಣ್ಣನ ಮಗ, ಮೂವತ್ತೆಂಟರ ಮಾಣಿ. ಅವನು ತೋರಿಸಲು ಹಟ ಹಿಡಿದದ್ದು ಫೈನಲ್ ಫ್ಯಾಂಟಸಿ 7 ಎಂಬ ಆಟ. 1997ರ ಜನವರಿ 31ರಂದು ಜಪಾನಿನಲ್ಲಿ ಪ್ಲೇಸ್ಟೇಷನ್‌ಗೆಂದು ಮೂರು ಸಿಡಿಗಳಲ್ಲಿ ಬಂದದ್ದು, ಮರುವರ್ಷ ಕಂಪ್ಯೂಟರಿಗೂ ಬಂತು. ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ಇವನ ಇಂಜಿನಿಯರಿಂಗಿನ ಒಂದು ಸೆಮಿಸ್ಟರನ್ನು ಈ ಆಟ ಪೂರ್ತಿ ನುಂಗಿತ್ತು. ಅದರಲ್ಲಿ ಒಂದು ಘಟ್ಟ ಬರುತ್ತದೆ, ಅದನ್ನು ಮೊದಲೇ ಹೇಳಿಬಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ, ನೋಡಿಯೇ ಅನುಭವಿಸಬೇಕು ಎಂಬುದು ಅವನ ವಾದ.

ಕಾಲವನ್ನೂ ಅವನೇ ಆರಿಸಿದ. ಸುಲಿಗೆಯ ಕಾಲ. ಇಡೀ ಮನೆ ಮೆಟ್ಟುಗತ್ತಿ ಹಿಡಿದು ರಾತ್ರಿ ಹನ್ನೊಂದರವರೆಗೆ ಜಗುಲಿಯಲ್ಲಿ ಹಸಿ ಅಡಿಕೆ ಸುಲಿಯುತ್ತ ಕೂತಿರುತ್ತದೆ, ಎದ್ದು ಓಡಿಹೋಗುವ ಹಾಗಿಲ್ಲ. ಇಂಥ ಪ್ರೇಕ್ಷಕವರ್ಗ ವರ್ಷದಲ್ಲಿ ಮತ್ಯಾವಾಗಲೂ ಸಿಗುವುದಿಲ್ಲವೆಂದು ಲೆಕ್ಕಹಾಕಿ, ಜಗುಲಿಯ ಟೀವಿಗೆ ತಂತಿ ಜೋಡಿಸಿದ. ಮೊದಲ ಮೂರು ವಾರ ಬರೀ ಪೂರ್ವರಂಗ. ಮಿಡ್‌ಗಾರ್ ಎಂಬ ಕಬ್ಬಿಣದ ಪಟ್ಟಣ, ಮೈಯುದ್ದದ ಕತ್ತಿ ಹೊತ್ತ ಕ್ಲೌಡ್ ಎಂಬ ಹುಡುಗ, ಕೇರಿಯಲ್ಲಿ ಹೂ ಮಾರುವ ಏರಿತ್ ಎಂಬ ಹುಡುಗಿ. ಹಳೆಯ ಇಂಗ್ಲಿಷ್ ಆವೃತ್ತಿಯಲ್ಲಿ ಅವಳ ಹೆಸರು ಏರಿಸ್ ಎಂದಿದ್ದುದಕ್ಕೆ ಅರ್ಧಗಂಟೆಯ ವ್ಯಾಖ್ಯಾನ ಬೇರೆ. ಇದೇ ಘಟ್ಟದವರೆಗಿನ ಕಥೆಯನ್ನು 2020 ಮತ್ತು 2024ರಲ್ಲಿ ಆಟದ ಕಂಪನಿಯವರು ಎರಡು ಭಾಗಗಳಲ್ಲಿ ಹೊಸದಾಗಿ, ಕೂದಲೆಳೆ ಕೂಡ ಅಲುಗಾಡುವಷ್ಟು ಚಂದವಾಗಿ ಮಾಡಿದ್ದಾರೆ. ಅದನ್ನೇ ಹಾಕಬಾರದೇ ಎಂದು ಕೇಳಿದರೆ, ಯಕ್ಷಗಾನದ ಹಳೆಯ ಆಟಗಳನ್ನು ಕಂಡವರು ಈಗಿನ ಮೇಳದ ಬಗ್ಗೆ ಮಾತಾಡುವ ಧಾಟಿಯಲ್ಲೇ ಮೂಗು ಮುರಿದ.

ಘಟ್ಟದ ಮೊದಲ ರಾತ್ರಿ ದೊಡ್ಡಪ್ಪ ಅಡಿಕೆ ಕೈಯಲ್ಲೇ ಹಿಡಿದು ನಿದ್ದೆಹೋದ. ಮಾಣಿ ಆಟ ನಿಲ್ಲಿಸಿದ. ಎಲ್ಲರೂ ಎಚ್ಚರವಿರಬೇಕಂತೆ.

ಎರಡನೆಯ ರಾತ್ರಿ ದೊಡ್ಡಪ್ಪನಿಗೆ ಎರಡು ಲೋಟ ಚಾ ಕುಡಿಸಿ ಕೂರಿಸಿದ. ಏರಿತ್ ಯಾರಿಗೂ ಹೇಳದೆ ಒಬ್ಬಳೇ ಹೊರಟುಹೋದಳು, ಉಳಿದವರು ಅವಳನ್ನು ಹುಡುಕುತ್ತ ಪಾಳುಬಿದ್ದ ಊರಿಗೆ ಬಂದರು. "ಈಗ ನೋಡು, ಈಗ!" ಎಂದ ಮಾಣಿ. ಅಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರಿನಲ್ಲಿ ಎರಡು ಬಲ್ಬು ಉರಿಯುತ್ತವೆಯೇ ಹೊರತು ಟೀವಿ ನಡೆಯುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಆಟ ಜೀವಂತ ಇತ್ತು, ಎಲ್ಲರೂ ಅದರ ಸುತ್ತ ಮುತ್ತಿಕೊಳ್ಳಲು ತಯಾರೂ ಇದ್ದರು. ಮಾಣಿ ಪಟ್ಟೆಂದು ಮುಚ್ಚಿಬಿಟ್ಟ. ಸಣ್ಣ ಪರದೆಯಲ್ಲಿ ಆ ಘಟ್ಟ ತೋರಿಸುವುದು ಅಪಚಾರವಂತೆ. ಅರೆಗತ್ತಲಲ್ಲಿ ದೊಡ್ಡಪ್ಪನ ದನಿ ಬಂತು: "ಆ ಕೂಸು ಹೇಳದೇ ಕೇಳದೇ ಒಂದೇ ಕಾಡಿಗೆ ಹೋತು ಅಲ್ದಾ? ವಂಶದಲ್ಲಿ ಉಳಿದಿದ್ದೂ ಅದೊಂದೇ ಅಲ್ದಾ? ಹಂಗಾರೆ ಅದು ಮುಗೀತು ತಮಾ."

ಮಾಣಿಯ ಮುಖ ಬಲ್ಬಿನ ಬೆಳಕಿನಲ್ಲೂ ಕಪ್ಪಿಟ್ಟದ್ದು ಕಂಡಿತು. ಇಪ್ಪತ್ತು ವರ್ಷ ಜೋಪಾನ ಮಾಡಿದ ಗುಟ್ಟನ್ನು ದೊಡ್ಡಪ್ಪ ಅಡಿಕೆ ಸಿಪ್ಪೆ ಬಿಸಾಡಿದ ಹಾಗೆ ಬಿಸಾಡಿದ್ದ.

ದೊಡ್ಡಪ್ಪನ ತಪ್ಪೂ ಇರಲಿಲ್ಲ. ಎಪ್ಪತ್ತು ವರ್ಷ ಪ್ರಸಂಗ ಕಂಡವರಿಗೆ ಅಭಿಮನ್ಯು ಚಕ್ರವ್ಯೂಹದೊಳಗೆ ಹೋದ ಮೇಲೆ ಏನಾಗುತ್ತದೆಂದು ಹೇಳಿಕೊಡಬೇಕೇ? ಈ ಸೀಮೆಯಲ್ಲಿ ಮುಂದಿನ ಕಥೆ ಗೊತ್ತಿಲ್ಲದೆ ಯಾರೂ ಆಟಕ್ಕೆ ಹೋಗುವುದಿಲ್ಲ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಉಟ್ಟು ಕೂತ ಅರ್ಥಧಾರಿ ತಾನೇ ವಾಲಿಯೆಂದು ನಂಬಿ, ಮರೆಯಿಂದ ಬಾಣ ಬಿಟ್ಟ ರಾಮನಿಗೆ ಆ ಕ್ಷಣಕ್ಕೆ ಹೊಳೆದ ಪ್ರಶ್ನೆಗಳನ್ನೆಲ್ಲ ಹಾಕುತ್ತಾನೆ. ಮಾತು ಅವನ ಸ್ವಂತದ್ದು, ಸಾವು ಮಾತ್ರ ಪ್ರಸಂಗದ್ದು. ರಾಮನ ಅರ್ಥಧಾರಿ ಉತ್ತರ ಸಿಗದೆ ತಡವರಿಸಿದರೂ ವಾಲಿ ಸಾಯಲೇಬೇಕು. ಗುಂಡಿ ಒತ್ತಲು ಮಾತ್ರ ಸ್ವಾತಂತ್ರ್ಯವಿರುವ ಮಾಣಿಯ ಆಟ ಇದಕ್ಕಿಂತ ಎಷ್ಟು ಬೇರೆ ಎಂದು ಕೇಳಿದ್ದಕ್ಕೆ ಅವನು ಒಂದು ದಿನ ಮಾತು ಬಿಟ್ಟ.

ತೋರಿಸುವ ಚಟ ಮಾಣಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಬೇಗ ದಾಟಿಹೋಗುವುದು ಒಳ್ಳೆಯದು. ಈ ಬರಹಗಾರನೇ ಒಮ್ಮೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ತೋರಿಸುತ್ತೇನೆಂದು ಆಫೀಸಿನ ಮೂವರು ಗೆಳೆಯರನ್ನು ಬೆಂಗಳೂರಿನಿಂದ ಎಳೆದುತಂದು, ನಡುರಾತ್ರಿ ತೂಕಡಿಸುತ್ತಿದ್ದವರ ಪಕ್ಕೆಗೆ ತಿವಿದು "ಈಗ ನೋಡ್ರಿ, ಈಗ!" ಎಂದದ್ದುಂಟು. ಎಬ್ಬಿಸಿದ ಮೇಲೆ ತಾನು ರಂಗ ನೋಡಲಿಲ್ಲ, ಅವರ ಮುಖ ನೋಡಿದ. ಅವರಲ್ಲಿ ಒಬ್ಬಾತ ಆಕಳಿಸಿದ್ದು ಇನ್ನೂ ಮರೆತಿಲ್ಲ. ಆಗ ಹತ್ತಿರದಲ್ಲೇ ಕಂಬಳಿ ಹೊದ್ದು ಕೂತಿದ್ದ ಸಣ್ಣ ಹುಡುಗ ಇದೇ ಮಾಣಿ.

ಮೂರನೆಯ ರಾತ್ರಿ ಕರೆಂಟು ಇತ್ತು. ಏರಿತ್ ಕಲ್ಲುಕಟ್ಟೆಯ ಮೇಲೆ ಮಂಡಿಯೂರಿ ಪ್ರಾರ್ಥನೆಗೆ ಕೂತಿದ್ದಳು. ಕ್ಲೌಡ್ ಎದುರು ನಿಂತಾಗ ಮಾಣಿ ಇದ್ದಕ್ಕಿದ್ದಂತೆ ಕಂಟ್ರೋಲರನ್ನು ಈ ಬರಹಗಾರನ ಕೈಗೆ ತುರುಕಿ "ನೀನೇ ಒತ್ತು ಚಿಕ್ಕಪ್ಪ" ಎಂದ. ಚೊಗರು ಹಿಡಿದ ಹೆಬ್ಬೆರಳಿನಿಂದ ಒತ್ತಿದರೆ, ಕ್ಲೌಡ್ ಅವಳ ಮೇಲೆಯೇ ಕತ್ತಿ ಎತ್ತಿದ! ಅವನ ಬುದ್ಧಿ ಶತ್ರುವಿನ ವಶದಲ್ಲಿದೆ. ಜೊತೆಗಾರರು ಕೂಗಿದ ಮೇಲೆ ಹೇಗೋ ಕೈ ತಡೆದುಕೊಂಡ. ಅಮ್ಮಾ ಎಂದು ಉಸಿರು ಬಿಡುವಷ್ಟರಲ್ಲಿ ಆ ಶತ್ರು ಸೆಫಿರಾತ್ ಮೇಲಿನಿಂದ ಇಳಿದು ಅವಳ ಬೆನ್ನಿಗೆ ಉದ್ದ ಕತ್ತಿ ಚುಚ್ಚಿಯಾಗಿತ್ತು. ಅವಳ ಜಡೆಯಿಂದ ಜಾರಿದ ಬಿಳಿ ಗೋಲಿಯೊಂದು ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿಯುತ್ತ ನೀರಿಗೆ ಬಿತ್ತು.

ಮೆಟ್ಟುಗತ್ತಿಗಳ ಸದ್ದು ನಿಂತಿತ್ತು. ಕೂಡಲೇ ಜೆನೋವಾ ಎಂಬ ರಾಕ್ಷಸಿಯ ಜೊತೆ ಯುದ್ಧ ಶುರುವಾಯಿತು, ಆದರೆ ಯುದ್ಧದ ಸಂಗೀತ ಬರಲಿಲ್ಲ. ಸಂಗೀತಗಾರ ನೊಬುವೊ ಉಎಮಾತ್ಸು ಏರಿತ್‌ಗೆಂದು ಹೊಸೆದ ಮೆಲುದನಿಯ ರಾಗವೇ ಹೊಡೆದಾಟದ ಉದ್ದಕ್ಕೂ ಹರಿಯುತ್ತದೆ. "ಕೊಲ್ಲೋ ಹೊತ್ತಿಗೂ ಚಂಡೆ ಬಿಡ್ಲಿಲ್ಲೆ ನೋಡು, ಭಾಗವತ ಘಟ್ಟಿ ಇದ್ದ" ಎಂದ ದೊಡ್ಡಪ್ಪ. ಅತ್ತಿಗೆ ಸೆರಗಿನಿಂದ ಮೂಗೊರೆಸಿ, ಅಡಿಕೆಯ ಘಾಟು ಎಂದಳು. ಈ ಬರಹಗಾರ ತನ್ನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ಮಾಣಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೊದಲ ಬಾರಿಗೆ ಪರದೆ ನೋಡುತ್ತಿದ್ದ.

"ಮತ್ತೆ ಬತ್ತಿಲ್ಯಾ ಅದು?" ಎಂದು ಅತ್ತಿಗೆ ಕೇಳಿದಾಗ ಅವನು ನಿಧಾನಕ್ಕೆ ಹೇಳಿದ. ಬರುವುದಿಲ್ಲ. ಆದರೆ ಹೇಗಾದರೂ ಬದುಕಿಸಬಹುದೆಂಬ ಗಾಳಿಸುದ್ದಿ ಜಗತ್ತಿನ ತುಂಬ ಹಬ್ಬಿತ್ತು, ಜನ ವರ್ಷಗಟ್ಟಲೆ ಹುಡುಕಿದರು. ಹಾಸ್ಟೆಲ್ಲಿನಲ್ಲಿ ಅವನೂ ಹುಡುಕಿದ್ದ. ಆ ಸೆಮಿಸ್ಟರು ಹೋದದ್ದು ಹಾಗೆ.

ಮರುದಿನ ಸಂಜೆ ಕವಳದ ಬಟ್ಟಲು ಎಳೆದುಕೊಳ್ಳುತ್ತ ದೊಡ್ಡಪ್ಪ ಅಂದ: "ಆ ಕೂಸು ಸಾಯೋದು ಇನ್ನೊಂದ್ ಸಲ ಹಾಕು."

"ಎಂತಾಗ್ತು ಹೇಳಿ ಗೊತ್ತಾತಲ ದೊಡ್ಡಪ್ಪ!"

"ಗೊತ್ತಾತು. ಈಗ ಸಮಾ ನೋಡಲಾಗ್ತು."

ಮಾಣಿ ಲ್ಯಾಪ್‌ಟಾಪ್ ಕೆದಕಿದ, ತಲೆ ಕೆರೆದುಕೊಂಡ. ರಾತ್ರಿಯ ಗಡಿಬಿಡಿಯಲ್ಲಿ ಹಳೆಯ ಸೇವ್ ಮೇಲೆಯೇ ಹೊಸದನ್ನು ಸೇವ್ ಮಾಡಿಬಿಟ್ಟಿದ್ದ. ಅವಳು ಬದುಕಿದ್ದ ಆಟ ಎಲ್ಲೂ ಉಳಿದಿರಲಿಲ್ಲ. ಮತ್ತೆ ನೋಡಬೇಕೆಂದರೆ ಮೊದಲಿನಿಂದ ಆಡಬೇಕು.

"ಎಷ್ಟೊತ್ತು ಆಗ್ತು?"

"ಇಪ್ಪತ್ತೈದು ಗಂಟೆ ಬೇಕು."

ದೊಡ್ಡಪ್ಪ ಅಂಗಳದಲ್ಲಿ ರಾಶಿಬಿದ್ದ ಗೊನೆಗಳ ಕಡೆ ನೋಡಿದ. "ಸುಲಿಗೆ ಇನ್ನೂ ಹದಿನೈದು ದಿನ ಇದ್ದು. ಸುರು ಮಾಡು."