ಬಣ್ಣ ಮಾಡಿಸುವ ಆಟಗಾರರಿಗೆ, ಗಂಡಸಿಯಿಂದ ಒಂದು ಬಹಿರಂಗ ಪತ್ರ

ಪೇಂಟ್‌ಬಾಲ್ ಆಡುವ, ನಿಮ್ಮ ಮಾರ್ಕರ್‌ಗೆ, ಅಂದರೆ ಬಣ್ಣದ ಗುಂಡು ಹಾರಿಸುವ ಬಂದೂಕಿಗೆ, ನಿಮಗೊಪ್ಪುವ ಬಣ್ಣವನ್ನೇ ಆನೊಡೈಸ್ ಮಾಡಿಸಬೇಕೆನ್ನುವ ಗೆಳೆಯರೇ,

ನಮ್ಮ ಗಂಡಸಿ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ. ತೆಂಗು, ರಾಗಿ ನಂಬಿದ ಸೀಮೆ. ಇಲ್ಲಿ ಪೇಂಟ್‌ಬಾಲ್ ಮೈದಾನವಿಲ್ಲ. ಆದರೂ ಇಲ್ಲಿಂದ ನಿಮಗೆ ಪತ್ರ ಬರೆಯಲು ಕಾರಣವಿದೆ. ಬೆಂಗಳೂರಿಗೆ ನಾವು ತಿಪಟೂರು, ತುಮಕೂರಿನ ಮೇಲೆ ಹೋದರೂ ಸರಿ, ಚನ್ನರಾಯಪಟ್ಟಣದ ಮೇಲೆ ಹೋದರೂ ಸರಿ, ಎರಡು ದಾರಿಯೂ ನೆಲಮಂಗಲದಲ್ಲಿ ಕೂಡಿ ಪೀಣ್ಯ ಕೈಗಾರಿಕಾ ಪ್ರದೇಶವನ್ನು ಹಾದೇ ಊರು ಸೇರುತ್ತವೆ. ಮಳೆ ಕೈಕೊಟ್ಟಾಗ, ತೋಟ ಒಣಗಿದಾಗ ನಮ್ಮ ಕಡೆಯ ಹುಡುಗರು ಆ ಬಸ್ಸು ಹತ್ತಿ ಪೀಣ್ಯದಲ್ಲಿ ಇಳಿದುಕೊಳ್ಳುತ್ತಾರೆ. ಅವರಲ್ಲಿ ಕೆಲವರಿಗೆ ಸಿಗುವುದು ಪ್ಲೇಟಿಂಗ್, ಆನೊಡೈಸಿಂಗ್ ಜಾಬ್ ವರ್ಕ್ ಮಾಡುವ ಶೆಡ್ಡಿನ ಕೆಲಸ. ನೀವು ಬಯಸುವ ಕೆಂಪು, ನೇರಳೆ, ನವಿಲು ನೀಲಿ ಮೂಡುವುದು ಅಂಥ ಶೆಡ್ಡುಗಳಲ್ಲಿ, ಅಂಥ ಕೈಗಳಲ್ಲಿ. ನನ್ನ ಮಾತು ಆ ಕೈಗಳ ಪರವಾಗಿ.

ಬಣ್ಣದ ಆಸೆ ಬಿಡಿ ಎಂದು ನಾನು ಹೇಳುತ್ತಿಲ್ಲ. ದಿನವೂ ಬಳಸುವ ಸಾಮಾನು ಚೆಂದವಾಗಿರಲಿ ಎನ್ನುವುದು ಮನುಷ್ಯ ಸಹಜ. ನಿಮ್ಮ ಆಟ ಹುಟ್ಟಿದ್ದೇ ದುಡಿಯುವವರ ಸಾಮಾನಿನಿಂದ. 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹೆನ್ನಿಕರ್ ಎಂಬಲ್ಲಿನ ಕಾಡಿನಲ್ಲಿ 12 ಮಂದಿ ಮೊದಲ ಆಟ ಆಡಿದಾಗ ಹಿಡಿದಿದ್ದು ನೆಲ್‌ಸ್ಪಾಟ್ 007 ಎಂಬ ಸಾಧನ. ಕಡಿಯಬೇಕಾದ ಮರಕ್ಕೆ, ಮಂದೆಯ ದನಕ್ಕೆ ದೂರದಿಂದಲೇ ಬಣ್ಣದ ಗುರುತು ಹಾಕಲು ಅದನ್ನು ಮಾಡಿದ್ದರು. ಆ ದಿನ ಗೆದ್ದ ರಿಚಿ ವೈಟ್ ಕೂಡ ಅರಣ್ಯದಲ್ಲಿ ದುಡಿಯುವವರೇ. ಒಂದು ಗುಂಡನ್ನೂ ಹಾರಿಸದೆ ಗೆದ್ದರು. ಆ ಆಟದ ಸಾಮಾನು ಇವತ್ತು ಬಣ್ಣಕ್ಕಾಗಿ ಮತ್ತೆ ದುಡಿಯುವವರ ಬಳಿಗೇ ಬರುತ್ತಿದೆ. ಅಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರಬೇಕು.

ಅಲ್ಯೂಮಿನಿಯಂ ಗಾಳಿ ಸೋಕಿದ ಕೂಡಲೇ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಬೇಲೂರು, ಹಳೇಬೀಡಿನ ಗುಡಿಗಳ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಹಾಗೆ, ಈ ಲೋಹವೂ ತನ್ನ ಕಾಪನ್ನು ತಾನೇ ಮಾಡಿಕೊಳ್ಳುತ್ತದೆ. ಆ ಪೊರೆಯನ್ನು ವಿದ್ಯುತ್ ಹರಿಸಿ ಸಾವಿರಾರು ಪಟ್ಟು ದಪ್ಪವಾಗಿ ಬೆಳೆಸುವುದೇ ಆನೊಡೈಸಿಂಗ್. ಮೊದಲು ಮಾರ್ಕರ್‌ನ ಸ್ಟೀಲ್ ತಿರುಪು, ಸ್ಪ್ರಿಂಗ್, ಹಿತ್ತಾಳೆ ಭಾಗಗಳನ್ನೆಲ್ಲ ಬಿಚ್ಚಬೇಕು. ಒಂದು ಉಳಿದರೂ ಆಸಿಡ್ ಅದನ್ನು ತಿನ್ನುತ್ತದೆ. ಹಳೆಯ ಪೊರೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕಳೆಯುತ್ತಾರೆ. ಆಗ ಮೇಲೆ ಕೂರುವ ಕಪ್ಪು ಮಸಿಯನ್ನು ನೈಟ್ರಿಕ್ ಆಸಿಡ್‌ನಲ್ಲಿ ತೆಗೆಯುತ್ತಾರೆ. ಪ್ರತಿ ಹಂತದ ನಂತರವೂ ನೀರಿನಲ್ಲಿ ಜಾಲಿಸುತ್ತಾರೆ. ಆಮೇಲೆ ಜಿಗ್ ಎಂಬ ಚೌಕಟ್ಟಿಗೆ ಬಿಗಿದು, ನೂರಕ್ಕೆ 15ರಿಂದ 20 ಪಾಲು ಸಲ್ಫ್ಯೂರಿಕ್ ಆಸಿಡ್ ಇರುವ ಟ್ಯಾಂಕಿಗೆ ಇಳಿಸಿ, ಸುಮಾರು 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 12ರಿಂದ 18 ವೋಲ್ಟ್ ಡಿಸಿ ಕರೆಂಟು ಕೊಡುತ್ತಾರೆ. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ 10ರಿಂದ 25 ಮೈಕ್ರಾನ್ ದಪ್ಪದ ಪೊರೆ ಬೆಳೆಯುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಬಣ್ಣದ ಟ್ಯಾಂಕಿನಲ್ಲಿ ಅದ್ದಿದಾಗ ಅವು ಬಣ್ಣ ಹೀರಿಕೊಳ್ಳುತ್ತವೆ. ಕೊನೆಗೆ ಕುದಿನೀರಿನಲ್ಲೋ ನಿಕಲ್ ಅಸಿಟೇಟ್ ದ್ರಾವಣದಲ್ಲೋ ಅದ್ದಿ ರಂಧ್ರಗಳನ್ನು ಮುಚ್ಚಿದರೆ ಬಣ್ಣ ಒಳಗೇ ನಿಲ್ಲುತ್ತದೆ.

ಇದರಲ್ಲಿ ಕೈಚಳಕ ಬಹಳ. 6061 ಮತ್ತು 7075 ಎಂಬ ಎರಡು ಮಿಶ್ರಲೋಹದ ಭಾಗಗಳನ್ನು ಒಂದೇ ಬಣ್ಣದಲ್ಲಿ ಒಂದೇ ಹೊತ್ತು ಅದ್ದಿದರೂ ಛಾಯೆ ಬೇರೆಯಾಗುತ್ತದೆ. ಸಿಲಿಕಾನ್ ಹೆಚ್ಚಿರುವ ಎರಕದ ಅಲ್ಯೂಮಿನಿಯಂ ಬೂದು ಬೂದಾಗಿ ಕಾಣುತ್ತದೆ. ನಳಿಗೆಯ ಒಂದು ತುದಿಯಲ್ಲಿ ಕಡುಗೆಂಪು, ಇನ್ನೊಂದು ತುದಿಗೆ ಬರುವಷ್ಟರಲ್ಲಿ ತಿಳಿ ಕಿತ್ತಳೆ ಬೇಕೆಂದು ನೀವು ಕೇಳುತ್ತೀರಿ. ಅದಕ್ಕೆ ಒಬ್ಬಾತ ಟ್ಯಾಂಕಿನ ಮೇಲೆ ಬಾಗಿ, ಕೈ ನಡುಗಿಸದೆ, ಭಾಗವನ್ನು ನಿಧಾನವಾಗಿ ಮೇಲೆತ್ತುತ್ತಾ ನಿಲ್ಲಬೇಕು. ಒಂದು ಚಣ ತಡವಾದರೂ ಬಣ್ಣದ ನಡುವೆ ಗೆರೆ ಬೀಳುತ್ತದೆ. ಬಣ್ಣ ಹಿಡಿಸಲಿಲ್ಲ ಎಂದು ಕಿತ್ತು ಮತ್ತೆ ಮಾಡಿಸಿದರೆ ಪ್ರತಿ ಸಲವೂ ಲೋಹ ಸವೆಯುತ್ತದೆ. ತಿರುಪಿನ ಮರೆಗಳು, ಬೋಲ್ಟ್ ಓಡಾಡುವ ಜಾಗ ಸಡಿಲವಾಗುತ್ತವೆ. ಜೊತೆಗೆ ಇನ್ನೊಂದು ಸುತ್ತು ಆಸಿಡ್, ಇನ್ನೊಂದು ಸುತ್ತು ಕೊಳೆನೀರು.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೈದಾನದಲ್ಲಿ ಮುಖವಾಡ ಕಡ್ಡಾಯ. ಗುಂಡಿನ ವೇಗ ಸೆಕೆಂಡಿಗೆ 300 ಅಡಿ ಮೀರದಂತೆ ಯಂತ್ರವಿಟ್ಟು ಅಳೆಯುತ್ತಾರೆ. ಗುಂಡಾದರೋ ಔಷಧದ ಕ್ಯಾಪ್ಸೂಲ್‌ನಂತೆ ಜಿಲೆಟಿನ್ ಸಿಪ್ಪೆಯದು. ಒಳಗಿನ ಬಣ್ಣ ನೀರಿನಲ್ಲಿ ತೊಳೆದುಹೋಗುವಂಥದ್ದು. ಇಷ್ಟು ನಿರಪಾಯದ ಬಣ್ಣಕ್ಕೂ ನೀವು ಕಣ್ಣು ಕಾಪಾಡಿಕೊಳ್ಳುತ್ತೀರಿ. ಅದು ಸರಿಯಾದ ನಿಯಮ. ಇನ್ನು ಶೆಡ್ಡಿನ ಕಡೆ ನೋಡಿ: ಆನೊಡೈಸಿಂಗ್ ಟ್ಯಾಂಕಿನಲ್ಲಿ ಕರೆಂಟು ಹರಿಯುವಾಗ ಏಳುವ ಗುಳ್ಳೆಗಳು ಒಡೆದು ಆಸಿಡ್‌ನ ಹನಿಮಂಜನ್ನು ಗಾಳಿಗೆ ಎರಚುತ್ತವೆ. ಸಲ್ಫ್ಯೂರಿಕ್ ಆಸಿಡ್ ಇರುವ ಅಂಥ ಮಂಜು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1992ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಿಕಲ್ ಅಸಿಟೇಟ್ ತಾಗಿದ ಕೈಯಲ್ಲಿ ತುರಿಕೆ ಏಳಬಹುದು. ಕಾಸ್ಟಿಕ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ತಡೆಯುವ ದಾರಿಗಳೂ ಗೊತ್ತಿರುವವೇ: ಟ್ಯಾಂಕಿನ ಅಂಚಿನಲ್ಲೇ ಮಂಜು ಎಳೆಯುವ ಎಕ್ಸಾಸ್ಟ್, ಮುಖಕ್ಕೆ ಶೀಲ್ಡ್, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಗಮ್‌ಬೂಟು, ಕಣ್ಣು ತೊಳೆಯಲು ಹತ್ತಿರದಲ್ಲೇ ನೀರು. ಇದನ್ನೆಲ್ಲ ಚೊಕ್ಕವಾಗಿ ಇಟ್ಟುಕೊಂಡ ಶೆಡ್ಡುಗಳಿವೆ, ಅವುಗಳ ಮಾಲೀಕರಿಗೆ ನನ್ನ ಗೌರವ. ಆದರೆ ಗಿರಾಕಿ ದರ ಜಗ್ಗಿದಾಗ ಮೊದಲು ಕೈಬಿಡುವುದು ಇವನ್ನೇ. ಹೊಸ ಗ್ಲೌಸ್ ತರುವುದು ಮುಂದಿನ ತಿಂಗಳಿಗೆ ಹೋಗುತ್ತದೆ.

ನೀರಿನ ಮಾತೂ ಇದೆ. ಪೀಣ್ಯ ಸಾಮಾನ್ಯ ಜಾಗವಲ್ಲ. ಯು. ಆರ್. ರಾವ್ ಅವರ ತಂಡ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು. ಅದೇ ಪೀಣ್ಯದ ಅಂತರ್ಜಲದಲ್ಲಿ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿಕೊಂಡಿರುವುದು ಮತ್ತೆ ಮತ್ತೆ ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ನಿಮ್ಮ ಮಾರ್ಕರ್‌ಗೆ ಬೇಕಾದ ಸಲ್ಫ್ಯೂರಿಕ್ ಆಸಿಡ್ ವಿಧಾನಕ್ಕೆ ಕ್ರೋಮಿಯಂ ಬೇಕೇ ಇಲ್ಲ. ಅದು ಬರುವುದು ಕ್ರೋಮ್ ಪ್ಲೇಟಿಂಗ್‌ನಿಂದ, ಹಳೆಯ ಪೊರೆ ಕೀಳಲು ಕೆಲವೆಡೆ ಬಳಸುವ ಕ್ರೋಮಿಕ್ ಆಸಿಡ್‌ನಿಂದ, ಮತ್ತು 1923ರಲ್ಲಿ ಇಂಗ್ಲೆಂಡಿನಲ್ಲಿ ಸಮುದ್ರ ವಿಮಾನಗಳ ಭಾಗಗಳಿಗಾಗಿ ಕಂಡುಹಿಡಿದ ಕ್ರೋಮಿಕ್ ಆಸಿಡ್ ಆನೊಡೈಸಿಂಗ್‌ನಿಂದ. ವಿಮಾನಕ್ಕೆ ಅದು ಬೇಕಾಗಿತ್ತು ಎನ್ನಬಹುದು. ವಾರಾಂತ್ಯದ ಆಟಕ್ಕೆ ಯಾವ ಕಾರಣಕ್ಕೂ ಬೇಡ.

ಇನ್ನೊಂದು ಮಾತು, ನಮ್ಮ ಸೀಮೆಯವನಾಗಿ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಶಿಲ್ಪಿ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಇವತ್ತಿಗೂ ಓದಲು ಸಿಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದಾಗ ಜಗತ್ತು ಆ ಹೆಸರುಗಳನ್ನೂ ಓದಿತು. ಒಂಬತ್ತು ಶತಮಾನದ ಹಿಂದೆ ಕೆಲಸಗಾರನಿಗೆ ಸಿಕ್ಕ ಆ ಮನ್ನಣೆ ಇವತ್ತಿನ ಶೆಡ್ಡಿನ ಹುಡುಗನಿಗೆ ಸಿಕ್ಕಿಲ್ಲ. ಮಾರ್ಕರ್‌ನ ಮೇಲೆ ಕಂಪನಿಯ ಗುರುತಿರುತ್ತದೆ, ನಿಮ್ಮ ತಂಡದ ಹೆಸರಿರುತ್ತದೆ. ಬಣ್ಣ ಇಳಿಸಿದವನು ಯಾರೆಂದು ನಿಮಗೂ ಗೊತ್ತಿರುವುದಿಲ್ಲ.

ಆದ್ದರಿಂದ ಗೆಳೆಯರೇ, ಕೆಲಸ ಕೊಡುವ ಮುನ್ನ ಶೆಡ್ಡಿಗೆ ಒಮ್ಮೆ ನೀವೇ ಹೋಗಿ. 1974ರ ಜಲಮಾಲಿನ್ಯ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಇದೆಯೇ ಎಂದು ಕೇಳಿ. ಜಾಲಿಸಿದ ನೀರು, ತಳದಲ್ಲಿ ಕೂತ ಕೆಸರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಹಳೆಯ ಪೊರೆ ಕೀಳಲು ಕ್ರೋಮಿಕ್ ಆಸಿಡ್ ಬೇಡ ಎಂದು ಬರೆದು ಕೊಡಿ. ಮಾರ್ಕರನ್ನು ನೀವೇ ಪೂರ್ತಿ ಬಿಚ್ಚಿ, ಯಾವ ಭಾಗ ಯಾವ ಮಿಶ್ರಲೋಹ ಎಂದು ಗೊತ್ತಿದ್ದರೆ ತಿಳಿಸಿ. ಒಂದೇ ಸಲ ಯೋಚಿಸಿ ಬಣ್ಣ ಆರಿಸಿ. ಅದ್ದಿದವನ ಹೆಸರು ಕೇಳಿ, ಅವನು ಒಪ್ಪಿದರೆ ಹಿಡಿಯ ಒಳಬದಿಯಲ್ಲಿ ಅದನ್ನು ಕೊರೆಸಿ. ಇಷ್ಟಕ್ಕೆ ದರ ಸ್ವಲ್ಪ ಏರಿದರೆ ಚೌಕಾಸಿ ಮಾಡದೆ ಕೊಡಿ.

ಬುಲೆಟ್ ಬೈಕಿನ ಭಾಗಕ್ಕೆ, ಸೈಕಲ್ ಹಬ್ಬಿಗೆ ಬಣ್ಣ ಮಾಡಿಸುವವರಿಗೂ ಈ ಮಾತು ಸಲ್ಲುತ್ತದೆ. ಆದರೆ ನಿಮ್ಮನ್ನೇ ಮೊದಲು ಕರೆದು ಹೇಳಿದ್ದೇನೆ, ಏಕೆಂದರೆ ಮುಖ ಕಾಪಾಡಿಕೊಳ್ಳುವ ಬೆಲೆ ನಿಮಗೆ ಗೊತ್ತು. ಆಟದ ನಡುವೆ ಮುಖವಾಡ ತೆಗೆದವನನ್ನು ನೀವು ಮೈದಾನದಿಂದ ಹೊರಗೆ ಕಳಿಸುತ್ತೀರಿ. ಕೆಲಸಗಾರನಿಗೆ ಮುಖವಾಡ ಕೊಡದ ಶೆಡ್ಡಿಗೆ ನಿಮ್ಮ ಕೆಲಸವನ್ನೂ ಕೊಡಬೇಡಿ.

ಇಂತಿ,
ಗಂಡಸಿ ಹೋಬಳಿಯ ಒಬ್ಬ ನಿವಾಸಿ