ಕಟಿಂಗ್ ಶಾಪ್ ಕ್ರಿಕೆಟ್ ಮೀಮಾಂಸೆ

ಕ್ರಿಕೆಟ್ಟನ್ನು ಮೈದಾನದಲ್ಲಿ ಆಡುತ್ತಾರೆ ಎಂಬುದು ಪಾಮರರ ನಂಬಿಕೆ. ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮೈದಾನದಲ್ಲಿ ನಡೆಯುವುದು ಬರೀ ಕಚ್ಚಾ ಮಾಲು. ಅದನ್ನು ಹದ ಮಾಡಿ, ಗೆದ್ದದ್ದೇಕೆ, ಸೋತದ್ದೇಕೆ, ಇದರಲ್ಲಿ ಯಾರ ಜಾತಕ ಯಾರಿಗೆ ಹೊಡೆಯಿತು ಎಂದು ನಿರ್ಣಯಿಸುವ ಕೆಲಸ ನಡೆಯುವುದು ಕಟಿಂಗ್ ಶಾಪಿನ ಬೆಂಚಿನ ಮೇಲೆ. ಆ ಬೆಂಚಿನಿಂದ ಹೊರಬಿದ್ದ ಜ್ಞಾನರಾಶಿಯನ್ನು ನಮ್ಮ ವಿಶ್ವವಿದ್ಯಾಲಯಗಳು ಇಂದಿಗೂ ಕಡೆಗಣ್ಣಿನಿಂದ ನೋಡುತ್ತಿರುವುದರಿಂದ ಪ್ರಸ್ತುತ ಪ್ರಬಂಧದ ಅಗತ್ಯ ಉಂಟಾಗಿದೆ.

ಅಧ್ಯಯನದ ವ್ಯಾಪ್ತಿ ಚಿಕ್ಕದು: ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಪೇಟೆ, ಅದರ ಬಸ್‌ಸ್ಟ್ಯಾಂಡಿನ ಹಿಂದಿನ ಕಟಿಂಗ್ ಶಾಪ್. ಎರಡು ಕುರ್ಚಿ, ಒಂದು ಬೆಂಚು, ಗೋಡೆಯ ಮೇಲೆ ರಾಜ್‌ಕುಮಾರ್ ಫೋಟೊ, ಅದರ ಪಕ್ಕಕ್ಕೆ ಟಿ.ವಿ. ವಿದ್ವತ್ಸಭೆಯ ಸದಸ್ಯರು: ರಿಟೈರಾದ ಮೇಷ್ಟ್ರು, ಗೊಬ್ಬರದಂಗಡಿ ಯಜಮಾನರು, ಒಬ್ಬ ಲೈನ್‌ಮನ್, ಒಬ್ಬ ಇಂಜಿನಿಯರಿಂಗ್ ಹುಡುಗ. ಅಧ್ಯಕ್ಷತೆ ಸದಾ ಕತ್ತರಿ ಹಿಡಿದವರದು. ಬೆಂಚಿನ ಮೇಲಿರುವವರಲ್ಲಿ ಕಟಿಂಗಿಗೆ ಬಂದವರು ಯಾರು, ಶಾಸ್ತ್ರಕ್ಕೆ ಬಂದವರು ಯಾರು ಎಂದು ಪತ್ತೆ ಹಚ್ಚುವುದು ಸುಲಭ. ಬಟ್ಟೆ ಒದರಿ ‘ಬನ್ನಿ ಸಾರ್’ ಎಂದಾಗ ‘ಅವರಿಗೆ ಮಾಡಪ್ಪ, ನನಗೇನ್ ಅರ್ಜೆಂಟಿಲ್ಲ’ ಎನ್ನುವವರು ಶಾಸ್ತ್ರಕ್ಕೆ ಬಂದವರು.

ಮೊದಲಿಗೆ ಪ್ರಮಾಣ ವಿಚಾರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳಿದ್ದಾರೆ. ನಮ್ಮ ಬೆಂಚು ನಾಲ್ಕನ್ನೂ ಒಪ್ಪುತ್ತದೆ, ಆದರೆ ಪ್ರತ್ಯಕ್ಷಕ್ಕೆ ಕೊಡುವ ಬೆಲೆ ಕಡಿಮೆ. ಟಿ.ವಿ.ಯಲ್ಲಿ ಕಾಣುವುದು ನಡೆದದ್ದು ಮಾತ್ರ. ಯಾಕೆ ನಡೆಯಿತು ಎಂಬುದು ಹತ್ತು ಸಲ ರೀಪ್ಲೇ ತೋರಿಸಿದರೂ ಕಾಣದು. ಅಲ್ಲಿಗೆ ಅನುಮಾನ ಬೇಕು: ಹೊಗೆ ಇದ್ದಲ್ಲಿ ಬೆಂಕಿ, ಕ್ಯಾಚ್ ಬಿಟ್ಟಲ್ಲಿ ಫಿಕ್ಸಿಂಗ್. ಉಪಮಾನಕ್ಕೆ ಉದಾಹರಣೆ, ‘ಇದೇ ಪಿಚ್ಚಲ್ಲಿ ವಿಶಿ ಇದ್ದಿದ್ರೆ’ ಎಂದು ಶುರುವಾಗಿ ಮುಗಿಯದೇ ಉಳಿಯುವ ವಾಕ್ಯ. ಇನ್ನು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ, ಎಲ್ಲಕ್ಕಿಂತ ಬಲವಾದದ್ದು. ‘ನಮ್ಮ ಷಡ್ಡಕನ ಮಗ ಬೆಂಗಳೂರಲ್ಲಿ ಕ್ಲಬ್ ಕ್ರಿಕೆಟ್ ಆಡ್ತಾನೆ, ಅವನೇ ಹೇಳಿದ್ದು’ ಎಂಬ ಮಾತು ಬಿದ್ದ ಮೇಲೆ ವಾದ ಮುಂದುವರಿಸಿದವರನ್ನು ಇದುವರೆಗೆ ಯಾರೂ ಕಂಡಿಲ್ಲ.

ಈಗ ಶಾಸ್ತ್ರದ ಮೂಲಸೂತ್ರಕ್ಕೆ ಬರೋಣ: ಆಟಗಾರನ ಒಳಗೆ ಕೂತು ಅವನ ಊರು ಆಡುತ್ತದೆ. ಇದಕ್ಕೆ ‘ಮಣ್ಣಿನ ಗುಣ’ ಎಂದು ಹೆಸರು. ಲೋಕಲ್ ಟ್ರೇನಿನಲ್ಲಿ ಸೀಟು ಹಿಡಿದು ಬೆಳೆದ ಮುಂಬೈಯವನು ಕ್ರೀಸನ್ನೂ ಬಿಟ್ಟುಕೊಡುವುದಿಲ್ಲ. ಕೋಲ್ಕತ್ತದವರು ಹುಟ್ಟುತ್ತಲೇ ಮೆರವಣಿಗೆ ನೋಡಿದವರು, ಆದ್ದರಿಂದ 2002ರಲ್ಲಿ ಲಾರ್ಡ್ಸ್ ಬಾಲ್ಕನಿಯಲ್ಲಿ ಗಂಗೂಲಿ ಅಂಗಿ ಬಿಚ್ಚಿ ಬೀಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಸ್ಟ್ರೇಲಿಯದವರಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ, ಎಲ್ಲರನ್ನೂ ಬೈಯುತ್ತಾರೆ. ಇಂಗ್ಲೆಂಡಿನವರಿಗೆ ಮಳೆ ಇದೆ. ಕನ್ನಡಿಗನಾದರೋ ಸಂಭಾವಿತ. ಯಾರ ತಂಟೆಗೂ ಹೋಗುವವನಲ್ಲ, ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನೂ ಅವನೇ, ಸಾರಿ ಕೇಳುವವನೂ ಅವನೇ.

ಆಧಾರ? 1980ರ ಫೆಬ್ರವರಿ, ಬಾಂಬೆಯಲ್ಲಿ ಸುವರ್ಣ ಮಹೋತ್ಸವ ಟೆಸ್ಟ್. ಬೆಂಚಿನ ವಿಶಿ, ಅಂದರೆ ಗುಂಡಪ್ಪ ವಿಶ್ವನಾಥ್, ಕ್ಯಾಪ್ಟನ್. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಕೈ ಎತ್ತಿದ್ದೂ ಆಗಿತ್ತು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎನ್ನಿಸಿತು. ಹೊರಟಿದ್ದ ಟೇಲರ್‌ರನ್ನು ವಾಪಸ್ ಕರೆದರು. ಕರೆಸಿಕೊಂಡ ಅತಿಥಿ ಬೋಥಮ್ ಜೊತೆ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ನಿಂದ ಸೋತಿತು.

ಈ ಪ್ರಸಂಗದ ಪಾಠ ನಡೆಯುವಾಗಲೆಲ್ಲ ಮೇಷ್ಟ್ರ ಗಂಟಲು ಕಟ್ಟುತ್ತದೆ. ‘ಮ್ಯಾಚ್ ಹೋಯ್ತು, ಮರ್ಯಾದೆ ಉಳೀತು’ ಎಂದು ಅವರ ಭಾಷ್ಯ. ಲೈನ್‌ಮನ್ ಪೂರ್ವಪಕ್ಷ ಹೂಡುತ್ತಾನೆ: ‘ಇದಕ್ಕೇ ಮೇಷ್ಟ್ರೇ, ನಮ್ಮೋರಿಗೆ ಕಾವೇರಿ ನೀರೂ ದಕ್ಕಲಿಲ್ಲ.’ ಸ್ಲಿಪ್ ಕ್ಯಾಚಿಂಗಿನಿಂದ ನದಿ ವಿವಾದಕ್ಕೆ ಹೀಗೆ ಒಂದೇ ಜಿಗಿತದಲ್ಲಿ ಹಾರುವ ಸಾಮರ್ಥ್ಯ ಬೇರೆ ಯಾವ ಶಾಸ್ತ್ರಕ್ಕೂ ಇದ್ದಂತಿಲ್ಲ.

ಆದರೆ 2004ರ ಮುಲ್ತಾನ್ ಬಂದು ಅಡ್ಡ ನಿಲ್ಲುತ್ತದೆ. ಗಂಗೂಲಿಗೆ ಪೆಟ್ಟಾಗಿ ದ್ರಾವಿಡ್ ಕ್ಯಾಪ್ಟನ್ ಆಗಿದ್ದ ಟೆಸ್ಟ್. ಸಚಿನ್ 194. ಇನ್ನು ಆರು ರನ್ ಸಾಕು ಎಂದು ದೇಶವೆಲ್ಲ ಕಾದಿರುವಾಗ ದ್ರಾವಿಡ್ ಡಿಕ್ಲೇರ್ ಮಾಡಿದರು. ಸಂಭಾವಿತ ಮಾಡುವ ಕೆಲಸವೇ ಇದು? ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾರೆ. ‘ಅದೂ ನಮ್ಮ ಮಣ್ಣಿನ ಗುಣವೇ. ಲೆಕ್ಕ ಅಂದ್ರೆ ಲೆಕ್ಕ. ತಂಡ ಮೊದಲು.’ ಅಂದಮೇಲೆ ಒಬ್ಬ ಕನ್ನಡಿಗ ಔಟಾದವನನ್ನು ಕರೆದು ಆಡಿಸಿದ, ಇನ್ನೊಬ್ಬ ಔಟಾಗದವನನ್ನು ಕರೆದು ಕೂರಿಸಿದ, ಎರಡಕ್ಕೂ ಒಂದೇ ಮಣ್ಣು ಹೊಣೆ. ಫಲಿತಾಂಶ ಮೊದಲು, ಕಾರಣ ಆಮೇಲೆ ಎಂಬುದು ಈ ಶಾಸ್ತ್ರದ ಕ್ರಮ. ನಮ್ಮ ಜ್ಯೋತಿಷಿಗಳು ಈ ಕ್ರಮ ಹಿಡಿದಿದ್ದರೆ ಅವರ ಒಂದು ಭವಿಷ್ಯವೂ ಸುಳ್ಳಾಗುತ್ತಿರಲಿಲ್ಲ.

ವೆಂಕಟೇಶ್ ಪ್ರಸಾದ್ ವಿಚಾರದಲ್ಲಂತೂ ಸೂತ್ರವೇ ಅಲ್ಲಾಡಬೇಕಿತ್ತು. 1996ರ ಮಾರ್ಚ್ 9, ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಅಮೀರ್ ಸೊಹೈಲ್ ಬೌಂಡರಿ ಬಾರಿಸಿ, ಮುಂದಿನದೂ ಅಲ್ಲಿಗೇ ಎಂದು ಬ್ಯಾಟಿನಿಂದ ದಿಕ್ಕು ತೋರಿಸಿದರು. ಮುಂದಿನ ಚೆಂಡಿಗೆ ಸ್ಟಂಪ್ ಹಾರಿತು. ಆಮೇಲೆ ಪ್ರಸಾದ್ ಬಾಯಿಂದ ಹೊರಟದ್ದು ಯಾವ ಸಂಭಾವಿತನ ಮಾತೂ ಆಗಿರಲಿಲ್ಲ ಎಂಬುದು ಟಿ.ವಿ.ಯಲ್ಲಿ ತುಟಿ ನೋಡಿದವರಿಗೆಲ್ಲ ಗೊತ್ತು. ಆ ರಾತ್ರಿಯ ಪ್ರಾಥಮಿಕ ಸಾಕ್ಷ್ಯ ನಮ್ಮ ಅಧ್ಯಕ್ಷರಲ್ಲಿದೆ: ‘ಗಿರಾಕಿಗೆ ಒಂದು ಕೆನ್ನೆ ಬೋಳಿಸಿದ್ದೆ, ಇನ್ನೊಂದು ಕೆನ್ನೇಲಿ ನೊರೆ. ಸ್ಟಂಪ್ ಬಿತ್ತು ನೋಡಿ, ಕತ್ತಲ್ಲಿದ್ದ ಬಟ್ಟೆ ಸಮೇತ ರೋಡಿಗೆ ಓಡಿದ. ಕುಣೀತಾ ಕುಣೀತಾ ಯಾವ ಕಡೆ ಹೋದ್ನೋ. ದುಡ್ಡೂ ಬರಲಿಲ್ಲ, ಬಟ್ಟೇನೂ ಬರಲಿಲ್ಲ.’ ಸಿದ್ಧಾಂತ? ಕನ್ನಡಿಗ ಸಂಭಾವಿತನೇ, ಕೆಣಕಿದರೆ ಮಾತ್ರ ಬಿಡುವುದಿಲ್ಲ. ಕೆಣಕದಿದ್ದರೆ ಯಾರು ತಾನೇ ಬೈಯುತ್ತಾರೆ ಎಂದು ಹುಡುಗ ಕೇಳಿದ್ದಕ್ಕೆ, ಮೊದಲು ನಿನ್ನ ಬ್ಯಾಕ್‌ಲಾಗ್ ನೋಡ್ಕೊ ಎಂದು ಸಭೆ ಒಮ್ಮತದಿಂದ ಉತ್ತರಿಸಿತು.

ಆಹಾರ ಮೀಮಾಂಸೆಯನ್ನು ಬೇಗ ಮುಗಿಸಬಹುದು. ತೊಂಬತ್ತರ ದಶಕದಲ್ಲಿ ಅದು ಬಹಳ ಜೋರಾಗಿತ್ತು. ಮೊಸರನ್ನ ತಿಂದವನು ಸ್ಪಿನ್ ಹಾಕಬಹುದೇ ಹೊರತು ವೇಗದ ಬೌಲಿಂಗಿಗೆ ಬಿರಿಯಾನಿಯೇ ಬೇಕು ಎಂಬುದು ಸಿದ್ಧಾಂತ. ಮೈಸೂರಿನ ಸಸ್ಯಾಹಾರಿ ಮನೆಯಿಂದ ಬಂದ ಇಂಜಿನಿಯರ್ ಜಾವಗಲ್ ಶ್ರೀನಾಥ್ ಏಕದಿನ ಪಂದ್ಯಗಳಲ್ಲಿ 315, ಟೆಸ್ಟ್‌ಗಳಲ್ಲಿ 236 ವಿಕೆಟ್ ಕಿತ್ತ ಮೇಲೂ ಸಿದ್ಧಾಂತ ಕದಲಲಿಲ್ಲ. ‘ಬಿರಿಯಾನಿ ತಿಂದಿದ್ರೆ ಐನೂರು ಆಗ್ತಿತ್ತು’ ಎಂದು ಗೊಬ್ಬರದಂಗಡಿ ಯಜಮಾನರು ಒಂದು ಪರಿಶಿಷ್ಟ ಸೇರಿಸಿದರು, ಅಷ್ಟೆ. ಅದೇ ಶ್ರೀನಾಥ್ 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ, ಕುಂಬ್ಳೆಗೆ ಹತ್ತನೆಯ ವಿಕೆಟ್ ಸಿಗಲೆಂದು, ಇನ್ನೊಂದು ತುದಿಯಿಂದ ಬೇಕೆಂದೇ ಸ್ಟಂಪಿನ ಆಚೆ ಚೆಂಡು ಹಾಕಿದರು. ಬಿರಿಯಾನಿ ಪಕ್ಷದವರು ಅದಕ್ಕೆ ಇನ್ನೂ ವಿವರಣೆ ಹುಡುಕುತ್ತಿದ್ದಾರೆ.

ಮಣ್ಣಿನ ಗುಣಕ್ಕೆ ನಿಜವಾದ ಸಂಕಟ ತಂದದ್ದು ಐಪಿಎಲ್. 2008ರಿಂದ ಬೆಂಗಳೂರು ತಂಡ ಬಿಡದ ಕೊಹ್ಲಿ ದೆಹಲಿಯವರು. ಎಬಿ ಡಿವಿಲಿಯರ್ಸ್ ದಕ್ಷಿಣ ಆಫ್ರಿಕಾ, ಗೇಲ್ ಜಮೈಕಾ. ಇವರಿಗೆಲ್ಲ ನಮ್ಮ ಬೆಂಚು ಯಾವ ಅರ್ಜಿಯನ್ನೂ ಕೇಳದೆ ಕನ್ನಡಿಗ ಪಟ್ಟ ಕೊಟ್ಟಿತು. ‘ಎಬಿಡಿ ನಮ್ಮೋನು ಕಣಣ್ಣ’ ಎಂದು ಲೈನ್‌ಮನ್ ಹೇಳುವಾಗ ಧ್ವನಿಯಲ್ಲಿ ಸೋದರಮಾವನ ಮಗನ ಮೇಲಿನ ಹಕ್ಕು ಕೇಳಿಸುತ್ತದೆ. ಪಕ್ಕದ ಪೇಟೆಯವರಿಗೆ ಹೆಣ್ಣು ಕೊಡಲು ಮೂರು ಸಲ ವಿಚಾರಿಸುವ ಸಭೆ ಇದು.

ಅತ್ತ ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2025ರ ಏಪ್ರಿಲ್ 10ರಂದು ದೆಹಲಿ ತಂಡದ ಅಂಗಿ ತೊಟ್ಟು ಚಿನ್ನಸ್ವಾಮಿಗೆ ಬಂದರು. 53 ಚೆಂಡಿಗೆ ಔಟಾಗದೆ 93, ಬೆಂಗಳೂರಿಗೆ ಸೋಲು. ಗೆಲುವಿನ ಹೊಡೆತದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ಸುತ್ತು ಗೀಚಿ, ನಡುವೆ ಬ್ಯಾಟು ಊರಿದರು. ‘ಕಾಂತಾರ’ದಿಂದ ಬಂದ ಆಂಗಿಕವೆಂದು ಆಮೇಲೆ ಅವರೇ ಹೇಳಿದರು. ಬೆಂಚು ಕಂಗಾಲಾಯಿತು. ನಮ್ಮ ಹುಡುಗ, ನಮ್ಮ ಗ್ರೌಂಡು, ನಮ್ಮ ಸಿನಿಮಾ; ಸೋತದ್ದೂ ನಾವೇ. ಇದಕ್ಕೆ ಚಪ್ಪಾಳೆ ಹೊಡೆಯುವುದೋ ಬಾಯಿ ಬಡಿದುಕೊಳ್ಳುವುದೋ ತಿಳಿಯದೆ ಮೇಷ್ಟ್ರು ಅವತ್ತು ನಿಜವಾಗಿಯೂ ಕುರ್ಚಿ ಏರಿ ಕಟಿಂಗ್ ಮಾಡಿಸಿಕೊಂಡರೆಂದು ದಾಖಲೆಯಿದೆ.

ಅದೇ ವರ್ಷ ಜೂನ್ 3ಕ್ಕೆ ‘ಈ ಸಲ ಕಪ್ ನಮ್ದೇ’ ಎಂಬ ಬೆಂಗಳೂರು ಅಭಿಮಾನಿಗಳ ವಾಕ್ಯ, ಐಪಿಎಲ್‌ನ ಹದಿನೆಂಟನೆಯ ಸೀಸನ್ನಿನಲ್ಲಿ, ಮೊದಲ ಬಾರಿ ನಿಜವಾಯಿತು. ಮರುದಿನ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಚಿನ್ನಸ್ವಾಮಿಯ ಗೇಟುಗಳ ಹೊರಗೆ ಕಾಲ್ತುಳಿತ, ಹನ್ನೊಂದು ಜೀವ. ಯಾವುದಕ್ಕೂ ಕಾರಣ ಹೇಳಬಲ್ಲ ಈ ಶಾಸ್ತ್ರದಲ್ಲಿ ಆ ಸಂಜೆಗೆ ಭಾಷ್ಯವಿಲ್ಲ. ಅಣಕಿಸುವವನ ಬಳಿಯೂ ಇಲ್ಲ.

ನಾಯಕತ್ವ ಪ್ರಕರಣಕ್ಕೆ ಬರುವಾಗ ಇನ್ನೊಂದು ಸೂತ್ರ ಎದುರಾಗುತ್ತದೆ: ಕ್ಯಾಪ್ಟನ್ ಆಗಬಲ್ಲವನು ದೇಶ ಆಳಬಲ್ಲ. ಪುರಾವೆಯಾಗಿ ಇಮ್ರಾನ್ ಖಾನ್. 1992ರಲ್ಲಿ ವಿಶ್ವಕಪ್, 1996ರಲ್ಲಿ ಪಕ್ಷ, 2018ರಲ್ಲಿ ಪ್ರಧಾನಿ. 2022ರಲ್ಲಿ ಅವಿಶ್ವಾಸ ಮತ, 2023ರಲ್ಲಿ ಜೈಲು ಎಂದು ಹುಡುಗ ಮುಂದುವರಿಸಲು ಹೋದರೆ, ಸೂತ್ರ ಹೇಳಿರುವುದು ಏರುವ ಬಗ್ಗೆ ಮಾತ್ರ, ಇಳಿಯುವ ಬಗ್ಗೆ ಅಲ್ಲ ಎಂದು ಸಮಾಧಾನ. ಶ್ರೀಲಂಕಾದ ರಣತುಂಗ ಮಂತ್ರಿಯಾದರು, ಅಜರುದ್ದೀನ್ 2009ರಲ್ಲಿ ಮೊರಾದಾಬಾದಿನಿಂದ ಗೆದ್ದು ಲೋಕಸಭೆಗೆ ಹೋದರು. ಟೈಗರ್ ಪಟೌಡಿ 1971ರಲ್ಲಿ ಒಮ್ಮೆ, 1991ರಲ್ಲಿ ಇನ್ನೊಮ್ಮೆ ಚುನಾವಣೆಗೆ ನಿಂತು ಎರಡು ಸಲವೂ ಸೋತರು. ನವಾಬರಿಗೆ ಓಟು ಕೇಳಿ ಅಭ್ಯಾಸವಿರಲಿಲ್ಲ ಎಂದು ಬೆಂಚಿನ ಷರಾ.

ಕರ್ನಾಟಕದ ಮಟ್ಟಿಗೆ ಈ ಪ್ರಕರಣದ ಪರ್ವಕಾಲ 2007. ಅದಕ್ಕೆ ಮುಂಚಿನ ವರ್ಷ ಫೆಬ್ರವರಿಯಲ್ಲಿ ಜೆಡಿಎಸ್ ಮತ್ತು ಬಿಜೆಪಿ ಸೇರಿ, ಉಳಿದ ಅವಧಿಯಲ್ಲಿ ಇಪ್ಪತ್ತು ತಿಂಗಳು ನೀವು ಇಪ್ಪತ್ತು ತಿಂಗಳು ನಾವು ಎಂದು ಸರ್ಕಾರ ಮಾಡಿದ್ದವು. ಜನ ಅದನ್ನು ‘ಟ್ವೆಂಟಿ-ಟ್ವೆಂಟಿ ಸರ್ಕಾರ’ ಎಂದೇ ಕರೆದರು. 2007ರ ಸೆಪ್ಟೆಂಬರಿನಲ್ಲಿ ಧೋನಿಯ ಹುಡುಗರು ಜೊಹಾನ್ಸ್‌ಬರ್ಗಿನಲ್ಲಿ ಮೊದಲ ಟ್ವೆಂಟಿ-ಟ್ವೆಂಟಿ ವಿಶ್ವಕಪ್ ಗೆದ್ದರು. ಅದೇ ತಿಂಗಳು ದ್ರಾವಿಡ್, 1986ರ ನಂತರ ಮೊದಲ ಬಾರಿಗೆ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಗೆದ್ದು ಬಂದವರು, ಯಾರೂ ಕೇಳದೆ ಕ್ಯಾಪ್ಟನ್ ಪಟ್ಟ ಬಿಟ್ಟರು. ಅಕ್ಟೋಬರಿನಲ್ಲಿ ಇಲ್ಲಿ ಇಪ್ಪತ್ತು ತಿಂಗಳು ತುಂಬಿತು. ಅಧಿಕಾರ ಹಸ್ತಾಂತರವಾಗಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರ್ 12ಕ್ಕೆ ಬಿಜೆಪಿಯ ಯಡಿಯೂರಪ್ಪ ಪ್ರಮಾಣವಚನ, ಏಳು ದಿನಕ್ಕೆ ರಾಜೀನಾಮೆ. ಎರಡನೆಯ ತಂಡದ ಇನಿಂಗ್ಸು ಪವರ್‌ಪ್ಲೇ ಕೂಡ ದಾಟಲಿಲ್ಲ.

ಗೆದ್ದವನು ಕುರ್ಚಿ ಬಿಟ್ಟ ಹೊತ್ತಿಗೇ ಕುರ್ಚಿಗಾಗಿ ಇಷ್ಟೆಲ್ಲ ನಡೆದದ್ದು ಬೆಂಚಿನ ಕಣ್ಣು ತಪ್ಪಲಿಲ್ಲ. ಈ ವಿಷಯದಲ್ಲಿ ಅಧಿಕೃತವಾಗಿ ಮಾತಾಡಬಲ್ಲವರು ನಮ್ಮ ಅಧ್ಯಕ್ಷರೊಬ್ಬರೇ. ‘ಕುರ್ಚಿ ವಿಷಯ ನನ್ನ ಕೇಳಿ. ಕೂತೋರು ಯಾರೂ ಏಳಲ್ಲ. ಮುಗೀತು ಅಂದ್ರೆ ಮೀಸೆ ಇನ್ನೊಂಚೂರು ಸಣ್ಣ ಮಾಡಿ ಅಂತಾರೆ. ಮೀಸೆ ಮುಗೀತು ಅಂದ್ರೆ ತಲೆಗೊಂಚೂರು ಮಸಾಜ್ ಅಂತಾರೆ.’

ಕ್ಯಾಪ್ಟನ್ ವಿಷಯದಲ್ಲಿ ಬೆಂಚು ನಿರ್ದಯಿ. ಒಂದು ಓವರಿನಲ್ಲಿ ಮೂರು ಫೋರ್ ಹೋದರೆ ಬೌಲರ್ ಬದಲಾಗಬೇಕು, ಬದಲಾಗದಿದ್ದರೆ ಕ್ಯಾಪ್ಟನ್ ಬದಲಾಗಬೇಕು, ಅವನಿಗೆ ವಿವರಣೆ ಕೊಡಲು ಅವಕಾಶವಿಲ್ಲ. ಅಂಗಡಿ ಮುಂದೆ ಚರಂಡಿಗೆ ಹಾಸಿದ ಕಲ್ಲು ಮುರಿದು ಮೂರು ಮಳೆಗಾಲ ಕಳೆಯಿತು. ಗೊಬ್ಬರದಂಗಡಿ ಯಜಮಾನರು ಪಂಚೆ ಎತ್ತಿ ಅದನ್ನು ದಾಟಿ ಒಳಗೆ ಬಂದು, ಕೂರುವ ಮೊದಲೇ, ಡೀಪ್ ಪಾಯಿಂಟಿನಲ್ಲಿ ಫೀಲ್ಡರ್ ಇಲ್ಲದ್ದಕ್ಕೆ ಕಿಡಿಕಾರುತ್ತಾರೆ. ಚರಂಡಿಯ ಕ್ಯಾಪ್ಟನ್ ಯಾರು ಎಂದು ಕೇಳಿದರೆ, ‘ಅವರಿಗೂ ಟೈಮ್ ಕೊಡಬೇಕಲ್ಲಪ್ಪ, ಐದು ವರ್ಷ ಇದೆ’ ಎನ್ನುತ್ತಾರೆ.

ಹೀಗಿರುತ್ತ, ಪ್ರತಿ ಚುನಾವಣೆಗೂ ಬೆಂಚಿನ ಅಭ್ಯರ್ಥಿ ಮಾತ್ರ ಒಬ್ಬರೇ: ರಾಹುಲ್ ದ್ರಾವಿಡ್ ಮುಖ್ಯಮಂತ್ರಿ ಆಗಬೇಕು. ಲಂಚ ಮುಟ್ಟಲ್ಲ, ಪಕ್ಷ ಹಾರಲ್ಲ, ರೆಸಾರ್ಟಿಗೆ ಕರೆದರೆ ನೆಟ್ ಪ್ರಾಕ್ಟೀಸ್ ಇದೆ ಅಂತಾರೆ. ಸ್ವತಃ ದ್ರಾವಿಡ್ ಇಂಥ ಆಸೆಯನ್ನು ಎಲ್ಲೂ ತೋರಿಸಿದವರಲ್ಲ. ರಾಜಕೀಯದ ಹತ್ತಿರ ಬಂದದ್ದೆಂದರೆ ಚುನಾವಣಾ ಆಯೋಗದ ರಾಯಭಾರಿಯಾಗಿ, ಪೋಸ್ಟರುಗಳಲ್ಲಿ ನಿಂತು, ತಪ್ಪದೆ ಮತ ಹಾಕಿ ಎಂದು ನಮಗೆಲ್ಲ ಹೇಳಿದ್ದು. 2019ರ ಲೋಕಸಭಾ ಚುನಾವಣೆಯಲ್ಲಿ ಆ ಪೋಸ್ಟರುಗಳು ಊರೆಲ್ಲ ಇರುವಾಗಲೇ, ಮನೆ ಬದಲಿಸಿದ್ದ ದ್ರಾವಿಡ್ ಹೆಸರು ಹಳೇ ಪಟ್ಟಿಯಿಂದ ಹೋಗಿತ್ತು, ಹೊಸ ಪಟ್ಟಿಗೆ ಸೇರಿರಲಿಲ್ಲ. ಅವರಿಗೇ ಮತ ಹಾಕಲಾಗಲಿಲ್ಲ.

ಹುಡುಗ ಇದನ್ನು ಮೊಬೈಲಿನಲ್ಲಿ ಓದಿ ಹೇಳಿದಾಗ, ಶಾಸ್ತ್ರ ಕುಸಿಯಿತೆಂದೇ ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಎರಡು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನಿದ್ದರು.

‘ಆಫ್ ಸ್ಟಂಪಿನ ಆಚೆ ಹೋಗ್ತಿತ್ತು ಕಣ್ರಯ್ಯಾ,’ ಎಂದರು, ‘ಬಿಟ್ಟಿದ್ದಾರೆ.’